ನಿಮಗಿದು ಗೊತ್ತೆ? ಹೆಸರಿನ ಹೊಲ ಹಳದಿಯಾಗುವುದು ಹೇಗೆ?
ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಭಾಗದ ಮುಂಗಾರಿ ಹೆಸರು ಬೆಳೆಯನ್ನು ಕಾಡುವ ಹಳದಿ ನಂಜು ರೋಗಕ್ಕೆ ಒಂದು ವೈರಾಣು ಕಾರಣ. ಅಂಟಿಕೊಂಡ ಜೋಡಿ ಗುಂಡುಗಳಂತಿರುವ ಇದರ ಉದ್ದ ಸುಮಾರು 30 ನ್ಯಾನೊಮೀಟರ್. ಒಂದು ಮಿಲಿಮೀಟರಿನಲ್ಲಿ 30,000ಕ್ಕೂ ಹೆಚ್ಚು ಕಣಗಳನ್ನು ಸಾಲಾಗಿ ಜೋಡಿಸಬಹುದು! ಎಲೆಯೊಳಗೆ ತಾನಾಗಿ ನುಗ್ಗಲು ಅದಕ್ಕಾಗದು. ಬಿಳಿನೊಣ ರಸ ಹೀರುವಾಗ ಅದರ ಜೊಲ್ಲಿನೊಂದಿಗೆ ಒಳಹೊಕ್ಕು, ಜೀವಕೋಶದ ಕೋಶಕೇಂದ್ರ ಸೇರಿ, ತನ್ನ ಡಿಎನ್‌ಎಯನ್ನು ಗಿಡದ್ದೇ ಕಿಣ್ವಗಳಿಂದ ನಕಲು ಮಾಡಿಸಿಕೊಳ್ಳುತ್ತದೆ. ಕೋಶದಿಂದ ಕೋಶಕ್ಕೆ ಸೂಕ್ಷ್ಮ ರಂಧ್ರಗಳ ಮೂಲಕ ಹಬ್ಬುತ್ತದೆ. ಮೊದಲು ಎಳೆ ಎಲೆಗಳಲ್ಲಿ ಹಳದಿ ಚುಕ್ಕೆ, ಆಮೇಲೆ ಇಡೀ ಎಲೆಯೇ ಹಳದಿ. ಕಾಯಿ ಕಿರಿದಾಗಿ ಇಳುವರಿ ಕುಸಿಯುತ್ತದೆ. ಶಿಲೀಂಧ್ರನಾಶಕ ಸಿಂಪಡಿಸಿದರೆ ದುಡ್ಡು ದಂಡ, ರೋಗ ವಾಸಿಯಾಗದು. ರೋಗ ತಗಲಿದ ಗಿಡ ಕಂಡ ಕೂಡಲೇ ಕಿತ್ತು ಹೂಳಿ, ಬಿಳಿನೊಣವನ್ನು ಹತೋಟಿಗೆ ತನ್ನಿ.