ಕೊಬ್ಬರಿ ನಾಡಿನ ಮಕ್ಕಳ ಕೈಯಲ್ಲಿ ಚಾಕಲೇಟು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಮನೆಗಳಲ್ಲಿ ಮಗು ಹಸಿವೆಂದು ಬಂದರೆ ಹಿಂದೆಲ್ಲ ಕೊಡುತ್ತಿದ್ದದ್ದು ಒಂದು ಹೋಳು ಕೊಬ್ಬರಿ, ಒಂದು ಚೂರು ಬೆಲ್ಲ. ದಾದಿ ಸೆರಗಿನ ಗಂಟಿನಿಂದ ತೆಗೆದುಕೊಡುತ್ತಿದ್ದದ್ದೂ ಅದನ್ನೇ. ಈಗ ಅಟ್ಟದ ತುಂಬ ಕಾಯಿ ಇರುವ ಮನೆಯ ಮಗುವೂ ಐದು ಹತ್ತು ರೂಪಾಯಿ ಹಿಡಿದು ಅಂಗಡಿಗೆ ಓಡುತ್ತದೆ. ಬೆಳಿಗ್ಗೆ ಮದ್ರಸಕ್ಕೆ ಬರುವ ಮಕ್ಕಳಲ್ಲಿ ಕೆಲವರ ಹೊಟ್ಟೆಗೆ ಆ ದಿನ ಮೊದಲು ಬೀಳುವ ಆಹಾರವೇ ಚಾಕಲೇಟು. ಪಾಠ ಹೇಳುವವರಿಗೆ ಇದು ದಿನವೂ ಕಾಣುವ ನೋಟ. ಒಂಬತ್ತು ಗಂಟೆಯ ಹೊತ್ತಿಗೆ ಆ ಮಕ್ಕಳು ಬಾಡಿ ಹೋಗಿರುತ್ತಾರೆ.

ಈ ಬಗ್ಗೆ ತಾಯಂದಿರಲ್ಲಿ ಎರಡು ಅಭಿಪ್ರಾಯಗಳಿವೆ. ಕೆಲವರು ಚಾಕಲೇಟನ್ನು ವಿಷವೆಂದು ಮನೆಯೊಳಗೇ ಬಿಟ್ಟುಕೊಳ್ಳುವುದಿಲ್ಲ. ಇನ್ನು ಕೆಲವರು ಅದು ಹೃದಯಕ್ಕೆ ಒಳ್ಳೆಯದಂತೆ, ಬುದ್ಧಿ ಚುರುಕಾಗುತ್ತದಂತೆ ಎಂದು ಕೇಳಿ ತಾವೇ ತಂದಿಡುತ್ತಾರೆ. ನಮ್ಮ ಹಿರಿಯರ ಊಟ ತಿಂಡಿಯ ಪದ್ಧತಿಯಲ್ಲಿ ಚಾಕಲೇಟಿಗೆ ಸ್ಥಾನವಿದೆಯೇ? ಇದ್ದರೆ ಎಲ್ಲಿ, ಎಷ್ಟು? ಇದನ್ನು ಸ್ವಲ್ಪ ತಾಳ್ಮೆಯಿಂದ ಯೋಚಿಸಬೇಕಾಗಿದೆ.

ಯಾವುದು ಚಾಕಲೇಟು?

ನಮ್ಮ ಆಡುಮಾತಿನಲ್ಲಿ ಹೊದಿಕೆ ಸುತ್ತಿದ ಸಿಹಿಯೆಲ್ಲವೂ ಚಾಕಲೇಟು. ಕಿತ್ತಳೆ ರುಚಿಯ ಪೆಪ್ಪರ್‌ಮೆಂಟು, ಮಾವಿನ ರುಚಿಯ ಗೋಲಿ, ಚಿಲ್ಲರೆಯಿಲ್ಲವೆಂದು ಅಂಗಡಿಯವರು ಕೈಗಿಡುವ ಒಂದು ರೂಪಾಯಿಯ ಮಿಠಾಯಿ, ಎಲ್ಲಕ್ಕೂ ಅದೇ ಹೆಸರು. ಆದರೆ ಇವುಗಳಲ್ಲಿ ಬಹುಪಾಲು ಸಕ್ಕರೆ ಪಾಕ, ಬಣ್ಣ ಮತ್ತು ವಾಸನೆ ಮಾತ್ರ. ಕೋಕೋ ಬೀಜದ ಸುಳಿವೂ ಇರುವುದಿಲ್ಲ.

ನಿಜವಾದ ಚಾಕಲೇಟು ಕೋಕೋ ಬೀಜದಿಂದ ಆಗುವಂಥದ್ದು. ಬೀಜವನ್ನು ಹುರಿದು ಅರೆದರೆ ಕಹಿಯಾದ ಗಟ್ಟಿ ತಿರುಳು ಮತ್ತು ಕೋಕೋ ಬೆಣ್ಣೆ ಎಂಬ ಕೊಬ್ಬು ಸಿಗುತ್ತವೆ. ಇದಕ್ಕೆ ಸಕ್ಕರೆ ಸೇರಿದರೆ ಕಪ್ಪು ಚಾಕಲೇಟು. ಹಾಲಿನ ಪುಡಿಯೂ ಸೇರಿದರೆ ಹಾಲು ಚಾಕಲೇಟು. ಕೋಕೋ ಬೆಣ್ಣೆ ದುಬಾರಿಯಾದ್ದರಿಂದ ಅಗ್ಗದ ತಿನಿಸುಗಳಲ್ಲಿ ಅದರ ಬದಲು ತಾಳೆ ಮುಂತಾದ ಎಣ್ಣೆಯ ಗಟ್ಟಿ ಕೊಬ್ಬನ್ನು ಬಳಸುತ್ತಾರೆ. ಬಿಸ್ಕತ್ತು, ಕೇಕುಗಳ ಮೇಲಿನ ಕಂದು ಲೇಪ ಹೆಚ್ಚಾಗಿ ಇದೇ.

ಗುರುತಿಸುವುದು ಕಷ್ಟವಲ್ಲ. ಹೊದಿಕೆಯ ಹಿಂದೆ ಪದಾರ್ಥಗಳ ಪಟ್ಟಿ ಇರುತ್ತದೆ. ಯಾವುದು ತೂಕದಲ್ಲಿ ಹೆಚ್ಚೋ ಅದನ್ನು ಮೊದಲು ಬರೆಯಬೇಕೆಂಬುದು ನಿಯಮ. ಮೊದಲ ಹೆಸರು ಸಕ್ಕರೆಯಾಗಿದ್ದರೆ ನಾವು ಮುಖ್ಯವಾಗಿ ಕೊಳ್ಳುತ್ತಿರುವುದು ಸಕ್ಕರೆಯನ್ನು ಎಂದರ್ಥ. ಕನ್ನಡಕ ಹಾಕಿಕೊಂಡು ಒಮ್ಮೆ ಓದಿ. ಶಾಲೆಗೆ ಹೋಗುವ ಮಗಳಿಂದ ಓದಿಸಿದರೆ ಅವಳಿಗೂ ಪಾಠವಾಗುತ್ತದೆ.

ತೆಂಗಿನ ನೆರಳಿನ ಗಿಡ

ಕೋಕೋ ಪರದೇಶದ್ದು, ನಮಗೂ ಅದಕ್ಕೂ ಸಂಬಂಧವಿಲ್ಲ ಎಂಬ ಮಾತು ಪೂರ್ತಿ ಸರಿಯಲ್ಲ. ಅದರ ತವರು ಅಮೆರಿಕ ಖಂಡವೆಂಬುದು ನಿಜ. ಮೆಣಸಿನಕಾಯಿ, ಟೊಮೇಟೊ, ಕಡಲೆಕಾಯಿಗಳ ತವರೂ ಅದೇ. ಅವಿಲ್ಲದೆ ಇಂದು ನಮ್ಮ ಅಡುಗೆಮನೆಯ ಒಲೆ ಹೊತ್ತುವುದಿಲ್ಲ. ಹಳೆಯದೆಂಬ ಕಾರಣಕ್ಕೆ ಎಲ್ಲವೂ ಒಳ್ಳೆಯದಲ್ಲ, ಹೊರಗಿನದೆಂಬ ಕಾರಣಕ್ಕೆ ಎಲ್ಲವೂ ಕೆಟ್ಟದ್ದಲ್ಲ.

ಕೋಕೋ ಗಿಡ ನೆರಳಿನಲ್ಲಿ ಬೆಳೆಯುವಂಥದ್ದು. ಆದ್ದರಿಂದ ದಕ್ಷಿಣ ಕನ್ನಡ, ಕಾಸರಗೋಡು ಕಡೆ ಅಡಿಕೆ ಮತ್ತು ತೆಂಗಿನ ತೋಟಗಳ ನಡುವೆ ಅದನ್ನು ಬೆಳೆಸಿದರು. 1980ರ ಸುಮಾರಿಗೆ ಜಾಗತಿಕ ಬೆಲೆ ಕುಸಿದು ಕೊಳ್ಳುವವರು ಹಿಂದೆ ಸರಿದಾಗ ಬೆಳೆಗಾರರು ಕಂಗಾಲಾದರು. ಆಗ 1973ರಲ್ಲಿ ಅಡಿಕೆ ಬೆಳೆಗಾರರಿಗಾಗಿ ಮಂಗಳೂರಿನಲ್ಲಿ ಹುಟ್ಟಿದ್ದ ಕ್ಯಾಂಪ್ಕೋ ಸಹಕಾರಿ ಸಂಸ್ಥೆ ಕೋಕೋ ಖರೀದಿಗೆ ಮುಂದಾಯಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟು ಕಾರ್ಖಾನೆಯನ್ನೇ ತೆರೆಯಿತು. ರೈತರದೇ ಸಂಸ್ಥೆಯೊಂದು ಚಾಕಲೇಟು ಮಾಡುತ್ತಿರುವುದು ನಮ್ಮ ರಾಜ್ಯದಲ್ಲಿಯೇ. ತುಮಕೂರು ಜಿಲ್ಲೆಯ ಒಣ ಹವೆಯಲ್ಲಿ ಕೋಕೋ ಸುಲಭವಲ್ಲ, ನೀರು ಬೇಕು. ಆದರೂ ಅದು ತೆಂಗಿನ ತೋಟಕ್ಕೆ ಒಗ್ಗುವ ಗಿಡವೇ.

ಕೊಬ್ಬರಿಗೂ ಕೋಕೋಗೂ ಇನ್ನೊಂದು ಹೋಲಿಕೆ ಇದೆ. ಎರಡನ್ನೂ ಕಿತ್ತ ಕೂಡಲೇ ಮಾರುಕಟ್ಟೆಗೆ ಒಯ್ಯುವಂತಿಲ್ಲ. ನಮ್ಮ ಉಂಡೆ ಕೊಬ್ಬರಿಗೆ ಕಾಯಿ ಅಟ್ಟದ ಮೇಲೆ ಎಂಟು ಹತ್ತು ತಿಂಗಳು ಕೂರಬೇಕು. ಒಳಗಿನ ನೀರು ಇಂಗಿ ಗಿಟುಕು ಚಿಪ್ಪು ಬಿಟ್ಟು ಅಲುಗಾಡುವವರೆಗೂ ಕಾಯಬೇಕು. ಕೋಕೋ ಬೀಜವನ್ನು ಕೆಲವು ದಿನ ಹುದುಗಿಸಿ, ಆಮೇಲೆ ಬಿಸಿಲಿಗೆ ಒಣಗಿಸಬೇಕು. ತಾಳ್ಮೆಯಿಂದ ಆದ ಎರಡು ಪದಾರ್ಥಗಳು. ಒಂದನ್ನು ನಾವು ಹಾಗೆಯೇ ತಿನ್ನುತ್ತೇವೆ. ಇನ್ನೊಂದು ಸಕ್ಕರೆಯಲ್ಲಿ ಮುಳುಗಿ ನಮ್ಮ ಕೈ ಸೇರುತ್ತದೆ. ವ್ಯತ್ಯಾಸ ಇರುವುದು ಇಲ್ಲಿ.

ಗುಣವೆಷ್ಟು, ದೋಷವೆಷ್ಟು?

ಕೋಕೋದಲ್ಲಿ ಫ್ಲೇವನಾಲ್ ಎಂಬ ಅಂಶಗಳಿವೆ. ಅವು ರಕ್ತನಾಳಗಳು ಸಡಿಲವಾಗಿ ಹಿಗ್ಗಲು ಸಹಾಯ ಮಾಡುತ್ತವೆಂದು 2012ರಲ್ಲಿ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಒಪ್ಪಿಕೊಂಡಿತು. ಆದರೆ ಹುದುಗಿಸಿ, ಹುರಿದು, ಕ್ಷಾರದಿಂದ ಸಂಸ್ಕರಿಸುವಾಗ ಇವುಗಳಲ್ಲಿ ಬಹಳಷ್ಟು ನಾಶವಾಗುತ್ತದೆ. ಹಾಲು ಚಾಕಲೇಟಿನಲ್ಲಿ ಉಳಿಯುವುದು ಅತ್ಯಲ್ಪ. ಅಮೆರಿಕದಲ್ಲಿ 21 ಸಾವಿರಕ್ಕೂ ಹೆಚ್ಚು ಹಿರಿಯರಿಗೆ ಫ್ಲೇವನಾಲ್ ಅಥವಾ ಖಾಲಿ ಗುಳಿಗೆ ಕೊಟ್ಟು ನಡೆಸಿದ ದೊಡ್ಡ ಅಧ್ಯಯನದ ಫಲಿತಾಂಶ 2022ರಲ್ಲಿ ಬಂತು. ಹೃದ್ರೋಗದಿಂದಾದ ಸಾವುಗಳು ಕಡಿಮೆಯಾದದ್ದು ಕಂಡಿತಾದರೂ, ಹೃದಯಾಘಾತ, ಪಾರ್ಶ್ವವಾಯು ಎಲ್ಲ ಸೇರಿದ ಒಟ್ಟು ಲೆಕ್ಕದಲ್ಲಿ ಖಚಿತವಾದ ಇಳಿಕೆ ಸಾಬೀತಾಗಲಿಲ್ಲ. ಅದೂ ಗುಳಿಗೆಯಿಂದ, ಚಾಕಲೇಟಿನಿಂದಲ್ಲ. ಆದ್ದರಿಂದ ಹೃದಯದ ಹೆಸರಿನಲ್ಲಿ ಚಾಕಲೇಟು ತಿನ್ನುವುದು ನಾಲಿಗೆಗೆ ನಾವು ಕೊಡುವ ನೆಪ.

ಇನ್ನು ಸಕ್ಕರೆ. ಹಾಲು ಚಾಕಲೇಟಿನ ತೂಕದಲ್ಲಿ ಸುಮಾರು ಅರ್ಧ ಸಕ್ಕರೆಯೇ. 40 ಗ್ರಾಮಿನ ಒಂದು ಪಟ್ಟಿ ತಿಂದರೆ ಸುಮಾರು 20 ಗ್ರಾಮ್, ಅಂದರೆ ಐದು ಚಹಾ ಚಮಚ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಉತ್ತಮ ಮಿತಿ ಪ್ರಾಯದವರಿಗೆ ದಿನಕ್ಕೆ ಸುಮಾರು 25 ಗ್ರಾಮ್. ಮಕ್ಕಳಿಗೆ ಇದಕ್ಕೂ ಕಡಿಮೆ. ಒಂದೇ ಪಟ್ಟಿಯಲ್ಲಿ ದಿನದ ಪಾಲು ಮುಗಿಯಿತು. ಚಹಾ, ಬಿಸ್ಕತ್ತು, ಶರಬತ್ತು ಆಮೇಲಿನದು. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ ದೇಶದಲ್ಲಿ ಸುಮಾರು 10 ಕೋಟಿ ಮಂದಿ ಸಕ್ಕರೆ ಕಾಯಿಲೆಯವರಿದ್ದಾರೆಂದು ಅಂದಾಜು ಮಾಡಿದೆ. ಆ ಕಾಯಿಲೆಯವರಿಲ್ಲದ ಕುಟುಂಬ ನಮ್ಮ ಮೊಹಲ್ಲಾಗಳಲ್ಲಿಯೂ ಅಪರೂಪವಾಗುತ್ತಿದೆ.

ಹಾಲಿಗೆ ಬೆರೆಸುವ ಚಾಕಲೇಟು ಪುಡಿಗಳ ಬಗ್ಗೆಯೂ ಎಚ್ಚರ ಬೇಕು. ಇವನ್ನು ಆರೋಗ್ಯ ಪೇಯವೆಂದು ಮಾರಬಾರದೆಂದು 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯವೇ ಆನ್‌ಲೈನ್ ಮಾರಾಟ ಕಂಪೆನಿಗಳಿಗೆ ಸೂಚಿಸಿತು. ಅದೇ ವರ್ಷದ ಫೆಬ್ರವರಿಯಲ್ಲಿ ನಮ್ಮ ಸರಕಾರಿ ಶಾಲೆಗಳಲ್ಲಿ ಹಾಲಿನ ಜೊತೆ ರಾಗಿ ಮಾಲ್ಟ್ ಕೊಡುವುದು ಶುರುವಾಗಿತ್ತು. ನೂರು ಗ್ರಾಮ್ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ನಮ್ಮ ಹೊಲದ ಧಾನ್ಯ ಮನೆಯಲ್ಲಿರುವಾಗ ಡಬ್ಬಿಯ ಪುಡಿಗೆ ಹಣ ಸುರಿಯಬೇಕೇ?

ಕೊಬ್ಬರಿ ಬೆಲ್ಲವನ್ನೂ ತೂಗಿ ನೋಡೋಣ

ನಮ್ಮದೆಂಬ ಅಭಿಮಾನದಿಂದ ಕೊಬ್ಬರಿಯನ್ನು ಅಮೃತವೆನ್ನುವುದೂ ನ್ಯಾಯವಲ್ಲ. ಒಣ ಕೊಬ್ಬರಿಯ ತೂಕದಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಕೊಬ್ಬು, ಅದರಲ್ಲಿ ಹೆಚ್ಚಿನದು ಸಂತೃಪ್ತ ಕೊಬ್ಬು. 2017ರಲ್ಲಿ ಅಮೆರಿಕದ ಹೃದಯ ತಜ್ಞರ ಸಂಘ ಇದೇ ಕಾರಣಕ್ಕೆ ಕೊಬ್ಬರಿ ಎಣ್ಣೆ ಬೇಡವೆಂದಿತು. 2018ರಲ್ಲಿ ವಿದೇಶಿ ಪ್ರಾಧ್ಯಾಪಕಿಯೊಬ್ಬರು ಅದನ್ನು ವಿಷವೆಂದೇ ಕರೆದಾಗ ನಮ್ಮ ಕೇಂದ್ರ ಸರಕಾರದ ತೋಟಗಾರಿಕಾ ಆಯುಕ್ತರು ಪ್ರತಿಭಟಿಸಿ ಪತ್ರ ಬರೆದರು. ತಲೆಮಾರುಗಳಿಂದ ತಿಂದ ಆಹಾರವನ್ನು ವಿಷವೆಂದಾಗ ನಮಗೆ ನೋವಾಯಿತು. ಆ ನೋವು ಕಲಿಸುವ ಪಾಠವೇನೆಂದರೆ, ಒಂದು ಪದಾರ್ಥವನ್ನು ಬಿಡಿಯಾಗಿ ಹಿಡಿದು ವಿಷವೆಂದೋ ಔಷಧವೆಂದೋ ತೀರ್ಪು ಕೊಡಬಾರದು. ಎಷ್ಟು, ಯಾವಾಗ, ಯಾವುದರ ಜೊತೆ, ಎಷ್ಟು ದುಡಿಯುವ ದೇಹಕ್ಕೆ ಎಂದು ಕೇಳಬೇಕು. ತೋಟದಲ್ಲಿ ಕಾಯಿ ಹೊತ್ತು ದಿನವಿಡೀ ನಡೆದ ಅಜ್ಜನಿಗೆ ದಕ್ಕಿದ ಗಿಟುಕು, ಅಂಗಡಿಯಲ್ಲಿ ಕುಳಿತೇ ಇರುವ ಮೊಮ್ಮಗನಿಗೆ ದಕ್ಕುವುದಿಲ್ಲ.

ಬೆಲ್ಲವೂ ಸಕ್ಕರೆಯೇ. ಸ್ವಲ್ಪ ಖನಿಜಾಂಶ ಹೆಚ್ಚಿರಬಹುದು. ಸಕ್ಕರೆ ಕಾಯಿಲೆಯವರು ಬೆಲ್ಲವಾದರೆ ಪರವಾಗಿಲ್ಲ ಎಂದುಕೊಂಡರೆ ಮೋಸ ಹೋಗುತ್ತಾರೆ.

ಹಾಗಾದರೆ ಕೊಬ್ಬರಿ ಬೆಲ್ಲ ಯಾವುದರಲ್ಲಿ ಮೇಲು? 20 ಗ್ರಾಮ್ ಕೊಬ್ಬರಿ, 10 ಗ್ರಾಮ್ ಬೆಲ್ಲ ತಿಂದ ಮಗುವಿಗೆ ಸುಮಾರು 170 ಕ್ಯಾಲೊರಿ ಸಿಗುತ್ತದೆ. ಚಾಕಲೇಟು ಪಟ್ಟಿಯಿಂದ 210ರ ಸುಮಾರು. ಇಲ್ಲಿ ಅಂತರ ದೊಡ್ಡದಲ್ಲ. ಆದರೆ ಸಕ್ಕರೆ ಅರ್ಧ ಮಾತ್ರ. ಜೊತೆಗೆ ನಾರು ಇದೆ. ಜಗಿದು ಜಗಿದು ತಿನ್ನಬೇಕಾದ್ದರಿಂದ ಬೇಗ ಸಾಕೆನಿಸುತ್ತದೆ. ಚಾಕಲೇಟು ಬಾಯಲ್ಲಿ ಕರಗಿ ಹೋಗುತ್ತದೆ, ಸಾಕೆನ್ನುವ ಮೊದಲೇ ಮುಗಿದಿರುತ್ತದೆ, ಇನ್ನೊಂದು ಬೇಕೆನಿಸುತ್ತದೆ.

ಬೆಲೆಯ ಮಾತನ್ನೂ ಹೇಳಬೇಕು. 2025ಕ್ಕೆ ಸರಕಾರ ಉಂಡೆ ಕೊಬ್ಬರಿಗೆ ನಿಗದಿಪಡಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 12,100 ರೂಪಾಯಿ. ಆ ವರ್ಷ ತಿಪಟೂರು ಮಾರುಕಟ್ಟೆಯ ದರ ಅದರ ಎರಡು ಪಟ್ಟನ್ನೂ ದಾಟಿತು. ಬೆಲೆ ಬಂದಾಗ ಮನೆಗೆಂದು ಇಟ್ಟ ನಾಲ್ಕು ಗಿಟುಕನ್ನೂ ಚೀಲಕ್ಕೆ ತುಂಬುವ ಆಸೆಯಾಗುವುದು ಸಹಜ. ಆದರೆ ಹತ್ತು ರೂಪಾಯಿಯ ಚಾಕಲೇಟಿನ ತೂಕವನ್ನು ಹೊದಿಕೆಯ ಮೇಲೆ ಓದಿ ಕಿಲೋ ಲೆಕ್ಕ ಹಾಕಿ ನೋಡಿ. ದುಬಾರಿ ಕಾಲದ ಕೊಬ್ಬರಿಗಿಂತಲೂ ಅದು ಎರಡು ಮೂರು ಪಟ್ಟು ತುಟ್ಟಿ. ಮಕ್ಕಳ ಬಾಯಿಂದ ಕೊಬ್ಬರಿ ತೆಗೆದು ಮಾರಿ, ಆ ಹಣದಲ್ಲಿ ಸಕ್ಕರೆ ಕೊಂಡು ತರುವುದು ಯಾವ ವ್ಯಾಪಾರ?

ಹೆಣ್ಣುಮಕ್ಕಳ ಪಾಲು

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019-21) ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಹುಡುಗಿ ದೊಡ್ಡವಳಾದಾಗ ಈ ಸೀಮೆಯಲ್ಲಿ ಎಳ್ಳು ಬೆಲ್ಲ ಕುಟ್ಟಿದ ಚಿಗಳಿ, ಕೊಬ್ಬರಿ ಕೊಡುತ್ತಿದ್ದರು. ಬಾಣಂತಿಗೆ ಕೊಬ್ಬರಿ, ಉತ್ತುತ್ತೆ, ಅಂಟು ಸೇರಿಸಿದ ಉಂಡೆ ಕಟ್ಟುತ್ತಿದ್ದರು. ಈಗ ಹೆಣ್ಣುಮಕ್ಕಳು ತೆಳ್ಳಗಾಗಬೇಕೆಂದು ಊಟ ಬಿಡುತ್ತಾರೆ, ಸುಸ್ತಾದಾಗ ಚಾಕಲೇಟು ತಿನ್ನುತ್ತಾರೆ. ಸಕ್ಕರೆ ಕ್ಷಣಕಾಲ ಚುರುಕು ತರುತ್ತದೆ, ರಕ್ತ ತರುವುದಿಲ್ಲ. ಕಪ್ಪು ಚಾಕಲೇಟಿನಲ್ಲಿ ಕಬ್ಬಿಣಾಂಶವಿದೆಯೆಂಬುದು ಸರಿ. ಆದರೆ ಚಹಾದಲ್ಲಿರುವಂತೆ ಅದರಲ್ಲಿಯೂ ಕಬ್ಬಿಣ ಹೀರಿಕೊಳ್ಳುವುದನ್ನು ತಡೆಯುವ ಅಂಶಗಳಿವೆ. 2022ರಲ್ಲಿ ಅಮೆರಿಕದ ಗ್ರಾಹಕ ಪತ್ರಿಕೆಯೊಂದು ಪರೀಕ್ಷಿಸಿದ 28 ಕಪ್ಪು ಚಾಕಲೇಟುಗಳಲ್ಲೆಲ್ಲ ಸೀಸ ಮತ್ತು ಕ್ಯಾಡ್ಮಿಯಂ ಇದ್ದುದನ್ನೂ ನೆನಪಿಡಬೇಕು. ಗರ್ಭಿಣಿಯರು ದಿನವೂ ತಿನ್ನುವುದು ತರವಲ್ಲ. ಸೊಪ್ಪು, ಹುರುಳಿ, ಕಾಳು, ಮಾಂಸ, ಜೊತೆಗೆ ನಿಂಬೆರಸ, ವೈದ್ಯರು ಕೊಟ್ಟ ಕಬ್ಬಿಣದ ಗುಳಿಗೆ, ಇವೇ ರಕ್ತದ ದಾರಿ.

ಹಲಾಲ್ ಮತ್ತು ತಯ್ಯಿಬ್

ಕೋಕೋ ಹಲಾಲ್ ಎಂಬುದರಲ್ಲಿ ಸಂದೇಹವಿಲ್ಲ. ಸೇರಿಸುವ ವಸ್ತುಗಳನ್ನು ಮಾತ್ರ ನೋಡಬೇಕು. ಗಲ್ಫ್‌ನಿಂದ, ಯುರೋಪಿನಿಂದ ಬಂಧುಗಳು ತರುವ ಪೆಟ್ಟಿಗೆಗಳಲ್ಲಿ ಕೆಲವೊಮ್ಮೆ ಜೆಲಟಿನ್ ಇರುತ್ತದೆ. ಯುರೋಪಿನ ಕೆಲವು ಚಾಕಲೇಟುಗಳ ಒಳಗೆ ಮದ್ಯವೇ ತುಂಬಿರುತ್ತದೆ. ನಮ್ಮ ದೇಶದ ಹಸಿರು ಚುಕ್ಕೆ ತಿನಿಸು ಸಸ್ಯಾಹಾರಿ ಎಂದು ಹೇಳುತ್ತದೆಯೇ ಹೊರತು ಮದ್ಯಸಾರದ ಬಗ್ಗೆ ಏನನ್ನೂ ಹೇಳುವುದಿಲ್ಲ. ಓದಿಯೇ ತಿಳಿಯಬೇಕು.

ಆದರೆ ನಮ್ಮ ದೀನ್ ಹಲಾಲ್ ಎಂದಷ್ಟೇ ಹೇಳಿ ನಿಲ್ಲಿಸಿಲ್ಲ, ತಯ್ಯಿಬ್, ಅಂದರೆ ಶುದ್ಧವೂ ಹಿತವೂ ಆಗಿರಲಿ ಎಂದಿದೆ. ತಿನ್ನುವುದರಲ್ಲಿ ಮಿತಿ ಮೀರಬಾರದೆಂದೂ ಕಲಿಸಿದೆ. ಪ್ರವಾದಿ(ಸ)ರವರಿಗೆ ಸಿಹಿ ಮತ್ತು ಜೇನು ಇಷ್ಟವಾಗಿತ್ತೆಂದು ಹಝ್ರತ್ ಆಯಿಶಾ(ರ) ತಿಳಿಸಿದ್ದಾರೆ. ಸಿಹಿ ತಿನ್ನುವುದು ತಪ್ಪಲ್ಲ, ಹೊಟ್ಟೆಯನ್ನು ಅದರಿಂದಲೇ ತುಂಬಿಸುವುದು ತಪ್ಪು. ನಿಕಾಹ್‌ನಲ್ಲಿ ಖರ್ಜೂರ ಹಂಚುತ್ತಿದ್ದ ಕಡೆ ಈಗ ಮಿನುಗುವ ಕಾಗದದ ಚಾಕಲೇಟು ತಟ್ಟೆಗಳು ಬಂದಿವೆ. ಈದ್‌ನ ಶೀರ್ ಖುರ್ಮಾಕ್ಕೆ ತೆಳ್ಳಗೆ ಹೆಚ್ಚಿ ಹಾಕುವ ಕೊಬ್ಬರಿ ಈ ನೆಲದ್ದೇ ಎಂಬುದನ್ನು ಮಕ್ಕಳಿಗೆ ಹೇಳಿಕೊಡುವವರು ಯಾರು?

ಮನೆಯಲ್ಲಿ ಏನು ಮಾಡಬಹುದು?

ಪೂರ್ತಿ ನಿಷೇಧಿಸಿದರೆ ಮಕ್ಕಳು ಕದ್ದು ತಿನ್ನಲು ಕಲಿಯುತ್ತಾರೆ. ವಾರಕ್ಕೊಂದು ದಿನ ಗೊತ್ತುಮಾಡಿ, ಊಟವಾದ ಮೇಲೆ ಎರಡು ತುಣುಕು ನಿಜವಾದ ಚಾಕಲೇಟು ಕೊಡಿ. ದಿನಕ್ಕೆ ಹತ್ತು ಸಲ ಚೂರು ಚೂರು ಸಿಹಿ ತಿನ್ನುವುದು ಹಲ್ಲಿಗೆ ಒಂದೇ ಸಲ ತಿನ್ನುವುದಕ್ಕಿಂತ ಹೆಚ್ಚು ಕೇಡು. ಆಮೇಲೆ ಬಾಯಿ ಮುಕ್ಕಳಿಸಲಿ. ರಾತ್ರಿ ಹಲ್ಲುಜ್ಜಿದ ಮೇಲೆ ಬೇಡವೇ ಬೇಡ. ಎರಡು ವರ್ಷದೊಳಗಿನ ಕೂಸಿಗೆ ಚಾಕಲೇಟೂ ಬೇಡ, ಬೆಲ್ಲವೂ ಬೇಡ. ಸಣ್ಣ ಮಕ್ಕಳಿಗೆ ಕೊಬ್ಬರಿಯನ್ನು ತುರಿದೇ ಕೊಡಿ, ಹೋಳು ಗಂಟಲಲ್ಲಿ ಸಿಕ್ಕಿಕೊಳ್ಳಬಹುದು.

ಬೂಷ್ಟು ಹಿಡಿದ, ಕಮಟು ವಾಸನೆಯ ಕೊಬ್ಬರಿಯನ್ನು ತುರಿದು ತೊಳೆದು ಬಳಸಬೇಡಿ, ಎಸೆದುಬಿಡಿ. ಅಂಥ ಬೂಷ್ಟಿನಲ್ಲಿ ಈಲಿಗೆ ಕೇಡು ಮಾಡುವ ವಿಷ ಇರಬಹುದು. ಬೇಸಿಗೆಯಲ್ಲಿ ಚಾಕಲೇಟಿನ ಮೇಲೆ ಕಾಣುವ ಬಿಳಿ ಪೊರೆ ಸಾಮಾನ್ಯವಾಗಿ ಬೂಷ್ಟಲ್ಲ, ಕರಗಿ ಮತ್ತೆ ಗಟ್ಟಿಯಾದ ಕೊಬ್ಬು.

ಹುರಿಗಡಲೆ, ಕಡಲೆಬೀಜ, ಎಳ್ಳು, ಕೊಬ್ಬರಿ ತುರಿಗೆ ಸ್ವಲ್ಪವೇ ಬೆಲ್ಲ ಸೇರಿಸಿ ಉಂಡೆ ಕಟ್ಟಿ. ಚಾಕಲೇಟಿನ ರುಚಿಯೇ ಬೇಕೆಂದು ಹಟ ಹಿಡಿಯುವ ಮಗುವಿಗೆ ಅದೇ ಉಂಡೆಗೆ ಸಕ್ಕರೆಯಿಲ್ಲದ ಕೋಕೋ ಪುಡಿ ಒಂದು ಚಮಚ ಬೆರೆಸಿ. ರಾಗಿ ಮಾಲ್ಟಿಗೂ ಚಿಟಿಕೆ ಹಾಕಬಹುದು. ಕೋಕೋ ನಮ್ಮ ತಿನಿಸಿನೊಳಗೆ ಹೀಗೆ ಬಂದರೆ ಅದು ಅತಿಥಿಯಂತೆ ಬರುತ್ತದೆ. ಅತಿಥಿಗೆ ಗೌರವ ಕೊಡೋಣ, ಆದರೆ ಮನೆಯ ಯಜಮಾನಿಕೆ ಕೊಡುವುದು ಬೇಡ. ಬೆಳಗಿನ ಹಸಿವಿಗೆ ರಾಗಿ, ಮಧ್ಯಾಹ್ನಕ್ಕೆ ಕಾಳು ಸೊಪ್ಪು, ಸಂಜೆಗೆ ಒಂದು ಹೋಳು ಕೊಬ್ಬರಿ. ಇವು ತಮ್ಮ ಜಾಗದಲ್ಲಿದ್ದರೆ ಹಬ್ಬದ ದಿನದ ಚಾಕಲೇಟಿನಿಂದ ಯಾವ ಮಗುವಿನ ಆರೋಗ್ಯವೂ ಕೆಡುವುದಿಲ್ಲ.