ಮೊಹೇರ್ ಮೇಕೆ: ತುಪ್ಪಳದ ತೂಕ ಹೆಚ್ಚಿದರೆ ನಯ ಕಡಿಮೆ! ಏನಿದು ತಳಿಯ ಲೆಕ್ಕಾಚಾರ?

ದುಬಾರಿ ಸೂಟು, ಶಾಲು, ಸ್ವೆಟರ್‌ಗಳ ಲೇಬಲ್‌ನಲ್ಲಿ ಕಾಣುವ 'ಮೊಹೇರ್' ಅಂಗೋರಾ ಮೇಕೆಯ ತುಪ್ಪಳ. ಅಂಗೋರಾ ಮೊಲದ ಉಣ್ಣೆಯೇ ಬೇರೆ, ಇದೇ ಬೇರೆ. ಟರ್ಕಿಯ ಅಂಕಾರಾ ನಗರದ ಹಳೆಯ ಹೆಸರೇ ಈ ಮೇಕೆಗೂ ಬಂದಿದೆ.

1838ರಲ್ಲಿ ಟರ್ಕಿಯಿಂದ ದಕ್ಷಿಣ ಆಫ್ರಿಕಾಕ್ಕೆ 12 ಹೋತಗಳು ಮತ್ತು ಒಂದು ಹೆಣ್ಣು ಮೇಕೆ ಹಡಗೇರಿದವು. ತಳಿ ಕೈತಪ್ಪಬಾರದೆಂದು ಹೋತಗಳಿಗೆ ಸಂತಾನಶಕ್ತಿ ಇಲ್ಲದಂತೆ ಮಾಡಲಾಗಿತ್ತು ಎನ್ನಲಾಗುತ್ತದೆ. ಆದರೆ ಹೆಣ್ಣು ಮೇಕೆ ಗಬ್ಬವಾಗಿತ್ತು, ದಾರಿಯಲ್ಲೇ ಗಂಡು ಮರಿ ಹಾಕಿತು! ಇಂದು ಮೊಹೇರ್ ಉತ್ಪಾದನೆಯಲ್ಲಿ ದಕ್ಷಿಣ ಆಫ್ರಿಕಾವೇ ಜಗತ್ತಿಗೆ ನಂ.1.

ಗುಣಮಟ್ಟ ಅಳೆಯುವುದು ಹೇಗೆ?

ಎಳೆ ತೆಳುವಾದಷ್ಟೂ ಬೆಲೆ ಹೆಚ್ಚು. ಮರಿಯ ಮೊದಲ ಕತ್ತರಿಕೆಯ ಎಳೆ ಸುಮಾರು 25 ಮೈಕ್ರಾನ್ ದಪ್ಪವಿದ್ದರೆ, ವಯಸ್ಸಾದ ಮೇಕೆಯದ್ದು 35 ಮೈಕ್ರಾನ್ ದಾಟಬಹುದು. ವಯಸ್ಸನ್ನು ತಡೆಯಲಾಗದು. ಆದರೆ ಎಳೆಯ ದಪ್ಪ ವಂಶದಿಂದಲೂ ಬರುವುದರಿಂದ, ತೆಳು ಎಳೆಯ ಹೋತವನ್ನು ಆರಿಸಿದರೆ ಮುಂದಿನ ಪೀಳಿಗೆಯ ಎಳೆಯೂ ನಯವಾಗುತ್ತದೆ.

ಇನ್ನೊಂದು ಶತ್ರು 'ಕೆಂಪ್'. ಒಳಗೆ ಟೊಳ್ಳಾದ ಈ ಒರಟು ಕೂದಲು ಬಣ್ಣವನ್ನು ಸರಿಯಾಗಿ ಹಿಡಿಯುವುದಿಲ್ಲ. ಬಣ್ಣ ಹಾಕಿದ ಬಟ್ಟೆಯಲ್ಲಿ ಬಿಳಿಚಿಕೊಂಡು ಎದ್ದು ಕಾಣುತ್ತದೆ. ಕೆಂಪ್ ಹೆಚ್ಚಿರುವ ಹೋತವನ್ನು ಸಂತಾನಕ್ಕೆ ಬಳಸದಿರುವುದೇ ಇದಕ್ಕೆ ಮದ್ದು.

ಸಂಕರ ತಳಿ ಸಾಕಾಗದೇ?

ಅಂಗೋರಾ ಹೋತವನ್ನು ಸಾಮಾನ್ಯ ಮೇಕೆಯೊಂದಿಗೆ ಕೂಡಿಸಿದರೆ ಮೊದಲ ಪೀಳಿಗೆಯಲ್ಲೇ ಒಳ್ಳೆಯ ಮೊಹೇರ್ ಸಿಗದು. ಅವುಗಳ ಹೆಣ್ಣು ಮರಿಗಳನ್ನು ಮತ್ತೆ ಮತ್ತೆ ಶುದ್ಧ ಅಂಗೋರಾ ಹೋತಗಳೊಂದಿಗೇ ಕೂಡಿಸುತ್ತಾ ಹೋಗಬೇಕು. ಅಂಗೋರಾ ಅಂಶ ಅರ್ಧದಿಂದ ಮುಕ್ಕಾಲು, ಆಮೇಲೆ ಎಂಟರಲ್ಲಿ ಏಳು ಪಾಲು ಆಗುತ್ತಿದ್ದಂತೆ ಕೆಂಪ್ ಇಳಿಯುತ್ತದೆ, ತುಪ್ಪಳ ಹೆಚ್ಚುತ್ತದೆ. ಮಹಾರಾಷ್ಟ್ರದ ರಾಹುರಿಯ ಮಹಾತ್ಮ ಫುಲೆ ಕೃಷಿ ವಿದ್ಯಾಪೀಠದಲ್ಲಿ ಸ್ಥಳೀಯ ಸಂಗಮ್ನೇರಿ ಮೇಕೆಗಳ ಮೇಲೆ ಇಂಥದ್ದೇ ಪ್ರಯೋಗ ನಡೆದಿದೆ.

ಅತಿಯಾಸೆಗೆ ಬೆಲೆ ತೆರುವುದು ಮೇಕೆ

ತೂಕವೊಂದನ್ನೇ ನೋಡಿ ಹೋತ ಆರಿಸಿದರೆ ಪೀಳಿಗೆಯಿಂದ ಪೀಳಿಗೆಗೆ ಎಳೆ ದಪ್ಪಗಾಗುತ್ತದೆ. ತುಪ್ಪಳದ ಹಿಂದೆಯೇ ಬಿದ್ದರೆ ಅಪಾಯ ಇನ್ನೂ ದೊಡ್ಡದು. ತಿಂದ ಮೇವಿನ ಸತ್ವದ ದೊಡ್ಡ ಪಾಲು ಕೂದಲಿಗೇ ಹೋಗಿ ಮೈಗೆ ಉಳಿಯುವುದು ಕಡಿಮೆ. ಹಾಗಾಗಿ ಮೇವಿನ ಕೊರತೆಯಾದಾಗ ಗಬ್ಬದ ಮೇಕೆಗಳು ಕಂದು ಹಾಕುತ್ತವೆ. ಕತ್ತರಿಕೆಯ ಬೆನ್ನಲ್ಲೇ ಚಳಿ ಮಳೆ ಬಂದರೆ ಮೇಕೆಗಳು ಸಾಯುವುದೂ ಉಂಟು.

ಹೀಗಾಗಿ ಜಾಣ ಸಾಕಣೆದಾರರು ಎಳೆಯ ನಯ, ತುಪ್ಪಳದ ತೂಕ, ಮೈಕಟ್ಟು, ಮರಿ ಸಾಕುವ ಗುಣ ಎಲ್ಲವನ್ನೂ ತೂಗಿ ನೋಡಿಯೇ ಹೋತ ಆರಿಸುತ್ತಾರೆ.