ಸರ್ಪಗಂಧದಿಂದ ಮಿದುಳಿನ ರಸಾಯನದವರೆಗೆ: ಮನೋರೋಗ ಚಿಕಿತ್ಸೆಯಲ್ಲಿ ರಿಸರ್ಪಿನ್‌ನ ಸ್ಥಾನ

ಪೀಠಿಕೆ

ಮನೋರೋಗಗಳ ಔಷಧ ಚಿಕಿತ್ಸೆಯ ಚರಿತ್ರೆಯನ್ನು 1952ನೆಯ ಇಸವಿಯಿಂದ, ಪ್ಯಾರಿಸ್ ನಗರದ ಸೇಂಟ್ ಆನ್ ಆಸ್ಪತ್ರೆಯಿಂದ ಆರಂಭಿಸುವುದು ವಾಡಿಕೆ. ಆ ವರ್ಷ ಡಿಲೇ ಮತ್ತು ಡೆನಿಕರ್ ಎಂಬ ವೈದ್ಯರು ಕ್ಲೋರ್‌ಪ್ರೊಮಜಿನ್ ಎಂಬ ಔಷಧವನ್ನು ಉನ್ಮಾದದ ರೋಗಿಗಳಿಗೆ ನೀಡಿ ಅದರ ಪರಿಣಾಮವನ್ನು ಪ್ರಕಟಿಸಿದರು. ಅದಕ್ಕೂ ಮುಂಚೆ, 1949ರಲ್ಲಿ, ಆಸ್ಟ್ರೇಲಿಯದ ಜಾನ್ ಕೇಡ್ ಅವರು ಲಿಥಿಯಂ ಲವಣಗಳಿಂದ ಉನ್ಮಾದ ಶಮನವಾಗುವುದನ್ನು ವರದಿ ಮಾಡಿದ್ದರು. ಇವೆರಡಕ್ಕೂ ಹಿಂದಿನದಾದ ಮತ್ತೊಂದು ವರದಿ 1931ರಲ್ಲಿ ಕಲ್ಕತ್ತೆಯಿಂದ ಹೊರಬಂದಿತ್ತು. ಅದರ ವಸ್ತು ಸರ್ಪಗಂಧದ ಬೇರು. ಈ ಬೇರು ಮತ್ತು ಅದರಿಂದ ದೊರೆತ ರಿಸರ್ಪಿನ್ ಮನೋವೈದ್ಯಕ್ಕೆ ನೀಡಿದ ಕೊಡುಗೆಯನ್ನೂ ಅದರ ಮಿತಿಯನ್ನೂ ಇಲ್ಲಿ ಪರಿಶೀಲಿಸಲಾಗಿದೆ.

ಸಸ್ಯ ಮತ್ತು ಪರಂಪರೆ

ಸರ್ಪಗಂಧವು ಕಣಗಿಲೆಯ ಕುಟುಂಬವಾದ ಅಪೋಸೈನೇಸಿಗೆ ಸೇರಿದ ಪುಟ್ಟ ಪೊದೆ. ಹಿಮಾಲಯದ ತಪ್ಪಲಿನಲ್ಲಿಯೂ ಪಶ್ಚಿಮ ಘಟ್ಟಗಳ ತೇವಭರಿತ ಕಾಡುಗಳಲ್ಲಿಯೂ ಇದು ಬೆಳೆಯುತ್ತದೆ. ರಾವೋಲ್ಫಿಯ ಸರ್ಪೆಂಟೈನ ಎಂಬ ಇದರ ಶಾಸ್ತ್ರೀಯ ನಾಮದ ಮೊದಲ ಪದವು 16ನೆಯ ಶತಮಾನದ ಜರ್ಮನ್ ವೈದ್ಯ ಲಿಯೊನ್‌ಹಾರ್ಟ್ ರಾವೋಲ್ಫ್ ಅವರ ಸ್ಮರಣಾರ್ಥ ಬಂದುದು. ಹಾವಿನ ವಿಷ, ಜ್ವರ, ನಿದ್ರಾಹೀನತೆ ಮುಂತಾದವುಗಳಿಗೆ ನಾಟಿವೈದ್ಯರು ಇದರ ಕಹಿಯಾದ ಬೇರನ್ನು ಬಳಸುತ್ತಿದ್ದರು. ಬಿಹಾರದ ಕಡೆ ಇದಕ್ಕೆ ‘ಹುಚ್ಚಿನ ಮದ್ದು’ ಎಂಬ ಅರ್ಥದ ಹೆಸರೇ ರೂಢಿಯಲ್ಲಿತ್ತು.

ಈ ಜನಬಳಕೆಯನ್ನು ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಅವರು ವೈದ್ಯಕೀಯ ನಿರೀಕ್ಷಣೆಗೆ ಒಳಪಡಿಸಿದರು. ಬೇರಿನ ಪುಡಿಯು ಉದ್ರೇಕವನ್ನು ತಗ್ಗಿಸಿ ನಿದ್ರೆ ತರುತ್ತದೆ ಹಾಗೂ ರಕ್ತದ ಒತ್ತಡವನ್ನು ಇಳಿಸುತ್ತದೆ ಎಂಬ ಎರಡು ಅಂಶಗಳನ್ನು ಅವರ 1931ರ ಲೇಖನ ಸ್ಪಷ್ಟವಾಗಿ ಗುರುತಿಸಿತು. ಅದೇ ವರ್ಷ ದೆಹಲಿಯಲ್ಲಿ ಸಲೀಮುಜ್ಜಮಾನ್ ಸಿದ್ದಿಕಿ ಮತ್ತು ರಫತ್ ಹುಸೇನ್ ಸಿದ್ದಿಕಿ ಅವರು ಬೇರಿನಿಂದ ಹಲವು ಆಲ್ಕಲಾಯ್ಡುಗಳನ್ನು ಬೇರ್ಪಡಿಸಿದರು. ಅವುಗಳಲ್ಲೊಂದಕ್ಕೆ ಹಕೀಮ್ ಅಜ್ಮಲ್ ಖಾನ್ ಅವರ ಹೆಸರಿನಿಂದ ಅಜ್ಮಲೀನ್ ಎಂದು ನಾಮಕರಣವಾಯಿತು. ಆದರೆ ಶಮನಕಾರಿ ಗುಣವುಳ್ಳ ಮುಖ್ಯ ವಸ್ತು ಇನ್ನೂ ಕೈಗೆ ಸಿಕ್ಕಿರಲಿಲ್ಲ.

ರಿಸರ್ಪಿನ್‌ನ ಆವಿಷ್ಕಾರ

ಮುಂಬಯಿಯ ಹೃದ್ರೋಗ ತಜ್ಞ ರುಸ್ತುಂ ಜಾಲ್ ವಕೀಲ್ ಅವರು 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ 50 ಮಂದಿ ರಕ್ತದೊತ್ತಡ ರೋಗಿಗಳ ಮೇಲಿನ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಈ ಲೇಖನದಿಂದ ಸರ್ಪಗಂಧವು ಪಾಶ್ಚಾತ್ಯ ಸಂಶೋಧಕರ ಗಮನ ಸೆಳೆಯಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿದ್ದ ಸೀಬಾ ಸಂಸ್ಥೆಯ ಮುಲ್ಲರ್, ಶ್ಲಿಟ್ಲರ್ ಮತ್ತು ಬೈನ್ ಅವರು ರಿಸರ್ಪಿನ್ ಎಂಬ ಶುದ್ಧ ಆಲ್ಕಲಾಯ್ಡನ್ನು ಪಡೆದರು. 1954ರಲ್ಲಿ ನ್ಯೂಯಾರ್ಕ್ ಪ್ರಾಂತದ ರಾಕ್‌ಲೆಂಡ್ ಆಸ್ಪತ್ರೆಯ ನೇಥನ್ ಕ್ಲೈನ್ ಅವರು ಮನೋರೋಗಿಗಳಲ್ಲಿ ಇದರ ಪ್ರಯೋಜನವನ್ನು ವರದಿ ಮಾಡಿದರು.

ಆ ಕಾಲದ ಮಾನಸಿಕ ಆಸ್ಪತ್ರೆಗಳಲ್ಲಿ ಇನ್ಸುಲಿನ್ ಕೋಮಾ, ವಿದ್ಯುತ್ ಕಂಪನ ಚಿಕಿತ್ಸೆ, ಮಿದುಳಿನ ಶಸ್ತ್ರಚಿಕಿತ್ಸೆ ಹಾಗೂ ದೈಹಿಕ ಬಂಧನಗಳೇ ಮುಖ್ಯ ಉಪಾಯಗಳಾಗಿದ್ದವು. ರೋಗಿಯ ಎಚ್ಚರ ಕೆಡಿಸದೆ ಉದ್ವೇಗವನ್ನು ಇಳಿಸಬಲ್ಲ ಗುಳಿಗೆಯೊಂದು ದೊರೆತದ್ದು ವೈದ್ಯರ ನಿರೀಕ್ಷೆಯನ್ನೇ ಬದಲಿಸಿತು. ವಾರ್ಡಿನಲ್ಲಿ ಕಾವಲು ಕಾಯುವುದಕ್ಕಿಂತ ಮಿಗಿಲಾದದ್ದೂ ಸಾಧ್ಯವೆಂಬ ಭಾವನೆ ಮೂಡಿತು. 1957ರಲ್ಲಿ ವಕೀಲ್ ಅವರಿಗೆ ಅಮೆರಿಕದ ಲಾಸ್ಕರ್ ಪ್ರಶಸ್ತಿ ಸಂದಿತು.

ಮಿದುಳಿನಲ್ಲಿ ಆಗುವುದೇನು?

ರಿಸರ್ಪಿನ್‌ನ ದೊಡ್ಡ ಮಹತ್ವವಿರುವುದು ಚಿಕಿತ್ಸೆಗಿಂತ ಹೆಚ್ಚಾಗಿ ಅದು ತೆರೆದ ಪ್ರಶ್ನೆಗಳಲ್ಲಿ. ನರಕೋಶಗಳು ಪರಸ್ಪರ ಸಂದೇಶ ಕಳುಹಿಸಲು ಡೋಪಮಿನ್, ಸಿರೊಟೋನಿನ್, ನಾರ್‌ಅಡ್ರಿನಲಿನ್ ಮುಂತಾದ ನರವಾಹಕಗಳನ್ನು ಬಳಸುತ್ತವೆ. ಇವು ನರತುದಿಯ ಸೂಕ್ಷ್ಮ ಸಂಚಿಗಳಲ್ಲಿ ಶೇಖರವಾಗಿರುತ್ತವೆ. ಸಂಚಿಯ ಪೊರೆಯಲ್ಲಿರುವ ಒಂದು ಪ್ರೋಟೀನು ನರವಾಹಕವನ್ನು ಒಳಕ್ಕೆ ಸಾಗಿಸುತ್ತದೆ. ರಿಸರ್ಪಿನ್ ಈ ಸಾಗಣೆಯನ್ನು ತಡೆಯುತ್ತದೆ. ಸಂಚಿಯನ್ನು ಸೇರಲಾರದೆ ಹೊರಗುಳಿದ ನರವಾಹಕವನ್ನು ಕಿಣ್ವಗಳು ಒಡೆದುಹಾಕುತ್ತವೆ. ಹೀಗೆ ದಾಸ್ತಾನು ಬರಿದಾಗುತ್ತದೆ. ಈ ತಡೆ ಬಹುಮಟ್ಟಿಗೆ ಮರಳಿ ಸರಿಯಾಗದ ಬಗೆಯದಾದುದರಿಂದ ಔಷಧವನ್ನು ನಿಲ್ಲಿಸಿದ ಮೇಲೂ ಪರಿಣಾಮ ಹಲವು ದಿನ ಉಳಿಯುತ್ತದೆ.

1955ರಲ್ಲಿ ಅಮೆರಿಕದ ಬ್ರೋಡಿ ಅವರ ಪ್ರಯೋಗಾಲಯದಲ್ಲಿ, ರಿಸರ್ಪಿನ್ ನೀಡಿದಾಗ ದೇಹದಲ್ಲಿನ ಸಿರೊಟೋನಿನ್ ದಾಸ್ತಾನು ಕರಗುವುದು ಕಂಡುಬಂತು. 1957ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಮತ್ತು ಸಂಗಡಿಗರು, ರಿಸರ್ಪಿನ್‌ನಿಂದ ನಿಶ್ಚಲವಾಗಿದ್ದ ಪ್ರಾಣಿಗಳು ಡೋಪ ಎಂಬ ವಸ್ತುವನ್ನು ಚುಚ್ಚಿದೊಡನೆ ಚೇತರಿಸಿಕೊಂಡು ಓಡಾಡಿದ್ದನ್ನು ತೋರಿಸಿದರು. ಡೋಪವು ದೇಹದಲ್ಲಿ ಡೋಪಮಿನ್ ಆಗಿ ಮಾರ್ಪಡುತ್ತದೆ. ಡೋಪಮಿನ್ ಸ್ವತಂತ್ರವಾದ ನರವಾಹಕವೆಂಬ ತಿಳಿವಳಿಕೆಗೂ ಪಾರ್ಕಿನ್‌ಸನ್ ಕಾಯಿಲೆಗೆ ಎಲ್-ಡೋಪ ಚಿಕಿತ್ಸೆಗೂ ಈ ಪ್ರಯೋಗ ದಾರಿಮಾಡಿತು. ಕಾರ್ಲ್‌ಸನ್ ಅವರು 2000ನೆಯ ಇಸವಿಯ ನೊಬೆಲ್ ಪುರಸ್ಕೃತರಲ್ಲಿ ಒಬ್ಬರಾದರು.

ಮಿತಿ ಮತ್ತು ವಿವಾದ

ಮೂಗು ಕಟ್ಟುವಿಕೆ, ಅತಿಯಾದ ರಕ್ತದೊತ್ತಡ ಇಳಿತ, ಜಡತೆ, ಕೈಕಾಲುಗಳ ಬಿಗಿತ ಹಾಗೂ ನಡುಕ ರಿಸರ್ಪಿನ್‌ನ ಪ್ರಮುಖ ಅಡ್ಡಪರಿಣಾಮಗಳು. ಗುಣ ಕಾಣಿಸಿಕೊಳ್ಳುವುದೂ ನಿಧಾನ. ಆದ್ದರಿಂದ ಸ್ಕಿಜೋಫ್ರೀನಿಯ ಚಿಕಿತ್ಸೆಯಲ್ಲಿ ಕ್ಲೋರ್‌ಪ್ರೊಮಜಿನ್ ಹಾಗೂ ಅನಂತರದ ಔಷಧಗಳು ಇದನ್ನು ಬೇಗನೆ ಹಿಂದಿಕ್ಕಿದವು.

ರಿಸರ್ಪಿನ್ ಖಿನ್ನತೆಯನ್ನು ಉಂಟುಮಾಡುತ್ತದೆಂಬ ಮಾತು ಇನ್ನಷ್ಟು ಪರಿಣಾಮಕಾರಿಯಾಯಿತು. ರಕ್ತದೊತ್ತಡದ ಕೆಲವು ರೋಗಿಗಳಲ್ಲಿ ಕಂಡ ವಿಷಣ್ಣತೆಯನ್ನು ಆಧಾರವಾಗಿಟ್ಟು, ನರವಾಹಕಗಳ ಕೊರತೆಯೇ ಖಿನ್ನತೆಯ ಮೂಲವೆಂಬ ಸಿದ್ಧಾಂತವನ್ನು 1960ರ ದಶಕದಲ್ಲಿ ರೂಪಿಸಲಾಯಿತು. ಆದರೆ 1955ರಲ್ಲೇ ಲಂಡನ್ನಿನ ಡೇವಿಸ್ ಮತ್ತು ಶೆಪರ್ಡ್ ಅವರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ ನಿಯಂತ್ರಿತ ಪರೀಕ್ಷೆಯಲ್ಲಿ, ಆತಂಕ ಹಾಗೂ ಖಿನ್ನತೆಯ ರೋಗಿಗಳಿಗೆ ರಿಸರ್ಪಿನ್‌ನಿಂದ ಪ್ರಯೋಜನವಾಗಿತ್ತು. ಈ ಫಲಿತಾಂಶ ಬಹುಕಾಲ ಮರೆಯಲ್ಲುಳಿಯಿತು. ಒಂದು ಔಷಧದ ಪರಿಣಾಮದಿಂದ ರೋಗದ ಕಾರಣವನ್ನು ನೇರವಾಗಿ ಊಹಿಸುವುದು ಎಷ್ಟು ಅಪಾಯಕರವೆಂಬುದಕ್ಕೆ ಇದು ಉತ್ತಮ ನಿದರ್ಶನ.

ಮತ್ತೊಂದು ಎಚ್ಚರಿಕೆಯೂ ಅಗತ್ಯ. ಬೇರಿನಲ್ಲಿರುವ ಆಲ್ಕಲಾಯ್ಡುಗಳ ಪ್ರಮಾಣ ನೆಲ, ಋತು, ವಯಸ್ಸುಗಳಿಗೆ ಅನುಗುಣವಾಗಿ ವ್ಯತ್ಯಾಸಗೊಳ್ಳುತ್ತದೆ. ಮೂಲಿಕೆಯೆಂಬ ಕಾರಣಕ್ಕೆ ಪುಡಿಯನ್ನು ನಿರಪಾಯವೆಂದು ಭಾವಿಸಿ ಸ್ವತಃ ಸೇವಿಸುವುದು ಸಲ್ಲದು.

ಇಂದಿನ ಪ್ರಸ್ತುತತೆ

ರಿಸರ್ಪಿನ್ ತೋರಿಸಿಕೊಟ್ಟ ಮಾರ್ಗ ಬೇರೊಂದು ರೂಪದಲ್ಲಿ ಮರಳಿದೆ. ಮನೋರೋಗ ನಿವಾರಕಗಳನ್ನು ದೀರ್ಘಕಾಲ ಸೇವಿಸಿದ ಕೆಲವರಲ್ಲಿ ತುಟಿ, ನಾಲಗೆ, ಕೈಕಾಲುಗಳು ತಾವಾಗಿಯೇ ಚಲಿಸುವ ಟಾರ್ಡಿವ್ ಡಿಸ್ಕೈನೀಸಿಯ ಎಂಬ ತೊಂದರೆ ತಲೆದೋರುತ್ತದೆ. 2017ರಲ್ಲಿ ಅಮೆರಿಕದಲ್ಲಿ ಇದಕ್ಕೆ ಮಾನ್ಯತೆ ಪಡೆದ ವಾಲ್‌ಬೆನಜಿನ್ ಮತ್ತು ಡ್ಯೂಟೆಟ್ರಾಬೆನಜಿನ್ ಅದೇ ಸಾಗಣೆಯ ಪ್ರೋಟೀನನ್ನು ತಡೆಯುತ್ತವೆ. ಆದರೆ ಆ ತಡೆ ತಾತ್ಕಾಲಿಕ.

ಔಷಧದ ಶೋಧ ಒಂದು ಹೆಜ್ಜೆಯಾದರೆ ಅದು ರೋಗಿಯನ್ನು ತಲುಪುವುದು ಇನ್ನೊಂದು. 1954ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು 1974ರಲ್ಲಿ ಅಲ್ಲಿನ ಮಾನಸಿಕ ಆಸ್ಪತ್ರೆಯೊಡನೆ ವಿಲೀನಗೊಂಡು ನಿಮ್ಹಾನ್ಸ್ ಆಯಿತು. 1980ರ ದಶಕದಲ್ಲಿ ಈ ಸಂಸ್ಥೆ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ನೀಡಿ, ಕೆಲವೇ ಅಗತ್ಯ ಔಷಧಗಳಿಂದ ಗ್ರಾಮ ಮಟ್ಟದಲ್ಲಿ ಚಿಕಿತ್ಸೆ ಸಾಧ್ಯವೆಂದು ತೋರಿಸಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಆದರೂ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6ರಷ್ಟು ಮಂದಿ ಮನೋರೋಗಗಳಿಂದ ಬಳಲುತ್ತಿದ್ದರು. ಚಿಕಿತ್ಸೆ ಸಿಗದವರ ಪ್ರಮಾಣ ವಿವಿಧ ಕಾಯಿಲೆಗಳಲ್ಲಿ ಶೇ. 70ರಿಂದ 92ರವರೆಗೆ ಇತ್ತು.

ಉಪಸಂಹಾರ

ನಾಡಿನ ಮೂಲಿಕೆಯೊಂದು ಆಧುನಿಕ ಮನೋವೈದ್ಯದ ಅಡಿಗಲ್ಲುಗಳಲ್ಲಿ ಒಂದಾಯಿತೆಂಬುದು ಹೆಮ್ಮೆಯ ಸಂಗತಿ. ಆದರೆ ಪರಂಪರೆಯ ಸುಳಿವು, ರಾಸಾಯನಿಕ ಶೋಧನೆ, ನಿಯಂತ್ರಿತ ಪರೀಕ್ಷೆ ಮತ್ತು ಅಡ್ಡಪರಿಣಾಮಗಳ ಪ್ರಾಮಾಣಿಕ ದಾಖಲೆ ಈ ನಾಲ್ಕೂ ಕೂಡಿದಾಗ ಮಾತ್ರ ಬೇರು ಔಷಧವಾಯಿತು. ಆ ಔಷಧದ ಸಂತತಿಯು ಹಳ್ಳಿಯ ರೋಗಿಯನ್ನು ತಲುಪುವ ಐದನೆಯ ಹಂತವು ಇನ್ನೂ ಪೂರ್ಣಗೊಳ್ಳಬೇಕಾಗಿದೆ.